ಪಾಲಿಪ್ ಇದ್ದರೆ ಗರ್ಭಕೋಶವನ್ನೇ ತೆಗೆಯಬೇಕೆ?

ಅನಗತ್ಯವಾಗಿ ಗರ್ಭಕೋಶ ತೆಗೆಯುವ ಶಸ್ತ್ರಕ್ರಿಯೆಗಳನ್ನು ತಡೆಯಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ಆದೇಶ ನೀಡಿತು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂಬುದು ಅದರ ತಿರುಳು. ಅಲ್ಲಿಂದೀಚೆಗೆ ಈ ಶಸ್ತ್ರಕ್ರಿಯೆಗಳ ಲೆಕ್ಕ, ನಿಗಾ, ಸಮಿತಿಗಳ ಸುದ್ದಿ ಆಗೀಗ ಪತ್ರಿಕೆಯಲ್ಲಿ ಕಾಣಿಸುತ್ತಲೇ ಇರುತ್ತದೆ. ಅದೇ ಹೊತ್ತಿಗೆ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಸ್ಕ್ಯಾನಿಂಗ್ ಮುಗಿಸಿ ಬಂದ ಹೆಂಗಸಿನ ಕೈಯಲ್ಲಿ ‘ಎಂಡೋಮೆಟ್ರಿಯಲ್ ಪಾಲಿಪ್’, ಅಂದರೆ ಗರ್ಭಕೋಶದ ಒಳಪದರದಲ್ಲಿ ಬೆಳೆದ ಮುದ್ದೆ, ಎಂದು ಬರೆದ ರಿಪೋರ್ಟ್ ಇರುತ್ತದೆ. ಅದನ್ನು ನೋಡಿದರೆ ಕ್ಯಾನ್ಸರ್ ಇರಬಹುದೇ ಎಂಬ ಹೆದರಿಕೆ, ಸುದ್ದಿ ಓದಿದರೆ ಸುಮ್ಮನೆ ಕೊಯ್ದುಬಿಟ್ಟಾರೇ ಎಂಬ ಹೆದರಿಕೆ. ಎರಡಕ್ಕೂ ಆಧಾರವಿದೆ. ಆದರೆ ಯಾರಿಗೆ ಯಾವುದು ಎಷ್ಟು ಅನ್ವಯಿಸುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಸುದ್ದಿಯ ಹಿಂದೆ ಏನಿದೆ

ಕೋರ್ಟಿನ ಮುಂದಿದ್ದುದು ಡಾ. ನರೇಂದ್ರ ಗುಪ್ತಾ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲಿ ಬಡ ಹೆಂಗಸರ ಗರ್ಭಕೋಶವನ್ನು ಬೇಕಿಲ್ಲದೆಯೂ ತೆಗೆಯಲಾಗುತ್ತಿದೆ, ಸರ್ಕಾರಿ ವಿಮೆಯ ಹಣ ಅದಕ್ಕೆ ದಾರಿ ಮಾಡಿಕೊಟ್ಟಿದೆ ಎಂಬುದು ಅದರ ದೂರು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯ ಹೊರಬಿತ್ತು. ಸರ್ಕಾರ ನೇಮಿಸಿದ ಸಮಿತಿಯ ಸಮೀಕ್ಷೆಯಲ್ಲಿ 82,309 ಮಂದಿ ಪೈಕಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಕೊಲ್ಲಾಪುರ, ಸಾಂಗ್ಲಿಯ ಗದ್ದೆಗಳಿಗೂ ಗಡಿ ದಾಟಿ ಬೆಳಗಾವಿ ಕಡೆಗೂ ಗುಳೆ ಹೋಗುವವರು ಇವರೇ. ಒಂದು ದಿನ ಕೆಲಸ ತಪ್ಪಿದರೆ ಕೂಲಿಗುತ್ತಿಗೆದಾರನಾದ ಮುಕಾದಮ ದಂಡ ಹಿಡಿಯುತ್ತಾನೆ. ಹಾಗಿರುವಾಗ ತಿಂಗಳ ಮುಟ್ಟೇ ನಷ್ಟದ ಬಾಬ್ತಾಗಿಬಿಡುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 3.3 ಮಂದಿಗೆ ಈ ಶಸ್ತ್ರಕ್ರಿಯೆ ಆಗಿದೆ. ಆಂಧ್ರದಲ್ಲಿ ಅದು ಶೇ. 8.7. ಕಾರಣ ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಹೇಳಿದ್ದು ಅತಿಯಾದ ರಕ್ತಸ್ರಾವ ಅಥವಾ ಮುಟ್ಟಿನ ನೋವು. ಪಾಲಿಪ್ ಈ ಚಿತ್ರದೊಳಗೆ ಬರುವುದು ಇಲ್ಲಿಂದ. ಅತಿಯಾದ ಸ್ರಾವದ ಹಿಂದಿರುವ ಸಾಮಾನ್ಯ ಕಾರಣಗಳಲ್ಲಿ ಅದೂ ಒಂದು, ಮತ್ತು ಗರ್ಭಕೋಶವನ್ನು ತೆಗೆಯದೆ ಸರಿಪಡಿಸಲು ಹೆಚ್ಚು ಸುಲಭವಾದ ಕಾರಣವೂ ಅದೇ.

ಪಾಲಿಪ್ ಅಂದರೆ

ಗರ್ಭಕೋಶದ ಒಳಗೋಡೆಗೆ ಒಂದು ಪದರವಿದೆ. ತಿಂಗಳು ತಿಂಗಳು ದಪ್ಪವಾಗಿ ಮುಟ್ಟಿನಲ್ಲಿ ಕಳಚಿ ಬರುವುದು ಅದೇ. ಆ ಪದರದ ಒಂದು ಕಡೆ ಗ್ರಂಥಿಗಳೂ ಅವುಗಳ ಸುತ್ತಲ ಅಂಗಾಂಶವೂ ಮಿತಿಮೀರಿ ಬೆಳೆದು, ನಡುವೆ ತನ್ನದೇ ರಕ್ತನಾಳ ಪಡೆದು ಮುದ್ದೆಯಾದರೆ ಅದು ಪಾಲಿಪ್. ಕೆಲವು ಅಗಲ ಬುಡದಲ್ಲಿ ಗೋಡೆಗೆ ಅಂಟಿಕೊಂಡಿರುತ್ತವೆ, ಕೆಲವು ತೊಟ್ಟಿಗೆ ಜೋತುಬಿದ್ದ ನೇರಳೆಯಂತೆ ಒಳಗೆ ನೇತಾಡುತ್ತವೆ. ಕೆಲವು ಮಿಲಿಮೀಟರಿನಿಂದ ಹಿಡಿದು ಹಲವು ಸೆಂಟಿಮೀಟರಿನವರೆಗೂ ಇರಬಹುದು, ಒಂದೇ ಇರಬಹುದು, ನಾಲ್ಕೈದೂ ಇರಬಹುದು.

ಫೈಬ್ರಾಯ್ಡ್ ಬೇರೆ. ಅದು ಗೋಡೆಯ ಸ್ನಾಯುವಿನಲ್ಲಿ ಹುಟ್ಟುವ ಗಟ್ಟಿ ಗಡ್ಡೆ. ಅಂಡಾಶಯದ ನೀರುಗುಳ್ಳೆ ಅದಕ್ಕಿಂತಲೂ ಬೇರೆ. ಗರ್ಭಕೋಶದ ಬಾಯಿಯಲ್ಲಿ ಬೆಳೆಯುವ ಪಾಲಿಪ್ ಮತ್ತೂ ಒಂದು ಬಗೆ. ಅದು ಪರೀಕ್ಷೆಯ ವೇಳೆ ಕಣ್ಣಿಗೆ ಕಾಣುತ್ತದೆ, ಸಾಮಾನ್ಯವಾಗಿ ಓಪಿಯಲ್ಲೇ (ಹೊರರೋಗಿ ವಿಭಾಗದಲ್ಲೇ) ತಿರುಚಿ ತೆಗೆದುಬಿಡುತ್ತಾರೆ. ‘ಗರ್ಭಕೋಶದಲ್ಲಿ ಗಡ್ಡೆ’ ಎಂದಷ್ಟೇ ಕೇಳಿಸಿಕೊಂಡು ಮನೆಗೆ ಬಂದರೆ ಇವುಗಳಲ್ಲಿ ಯಾವುದೆಂದು ತಿಳಿಯುವುದಿಲ್ಲ, ಪಕ್ಕದ ಮನೆಯವರಿಗೆ ಆದ ಚಿಕಿತ್ಸೆ ತಮಗೂ ಬೇಕೆಂದು ತೋರುತ್ತದೆ.

ಈಸ್ಟ್ರೋಜನ್ ಹಾರ್ಮೋನಿನ ಪ್ರಚೋದನೆ ಹೆಚ್ಚಿದ್ದಲ್ಲಿ ಪಾಲಿಪ್ ಹೆಚ್ಚು. ಅದಕ್ಕೇ ನಲವತ್ತು ದಾಟಿದವರಲ್ಲಿ, ಬೊಜ್ಜು ಮತ್ತು ರಕ್ತದೊತ್ತಡ ಇರುವವರಲ್ಲಿ, ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಕಾಣುವುದು ಜಾಸ್ತಿ. ಕಾಸರಗೋಡಿನಲ್ಲಿ ಗರ್ಭಕೋಶದ ಯಾವ ತೊಂದರೆ ಬಂದರೂ ಗೇರು ತೋಟಗಳಿಗೆ ಹಿಂದೆ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಕೀಟನಾಶಕ ನೆನಪಾಗುವುದು ಸಹಜ. ಆದರೆ ಪಾಲಿಪ್‌ಗೆ ವೈದ್ಯಶಾಸ್ತ್ರ ಗುರುತಿಸಿರುವ ಕಾರಣಗಳ ಪಟ್ಟಿಯಲ್ಲಿ ಅದಿಲ್ಲ. ಗೇರು ತೋಟದ ಊರಿನವರು ಬೇರೆ ಊರಿನವರಿಗಿಂತ ಹೆಚ್ಚಿನ ಶಸ್ತ್ರಕ್ರಿಯೆಗೆ ಒಪ್ಪಬೇಕಾದ ಕಾರಣವೂ ಇಲ್ಲ.

ಲಕ್ಷಣಗಳೆಂದರೆ ಎರಡು ಮುಟ್ಟುಗಳ ನಡುವೆ ಕಲೆ ಕಾಣುವುದು, ಸ್ರಾವ ಹೆಚ್ಚಾಗುವುದು, ಸಂಭೋಗದ ನಂತರ ರಕ್ತ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ. ಏನೂ ಲಕ್ಷಣವಿಲ್ಲದೆ ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ ಸಿಗುವುದೂ ಧಾರಾಳ.

ಸ್ಕ್ಯಾನ್ ಯಾವ ದಿನ ಮಾಡಿಸಿದ್ದು?

ಗೊಂದಲದ ದೊಡ್ಡ ಪಾಲು ಹುಟ್ಟುವುದು ಇಲ್ಲಿ. ಮುಟ್ಟು ಬರಲು ವಾರವಿರುವಾಗ ಒಳಪದರ ತಾನಾಗಿಯೇ ದಪ್ಪಗೆ, ಬೆಳ್ಳಗೆ, ಮಡಿಕೆ ಮಡಿಕೆಯಾಗಿ ಕಾಣುತ್ತದೆ. ಆ ಮಡಿಕೆಯನ್ನು ಪಾಲಿಪ್ ಎಂದು ಓದಿಬಿಡಬಹುದು. ಒಳಗೇ ನಿಜವಾದ ಪಾಲಿಪ್ ಇದ್ದರೆ ಅದು ಆ ದಪ್ಪದಲ್ಲಿ ಮರೆಯಾಗಲೂಬಹುದು. ಮುಟ್ಟಾದ ಮೊದಲ ದಿನದಿಂದ ಲೆಕ್ಕ ಹಾಕಿ ಹತ್ತನೆಯ ದಿನದೊಳಗೆ, ಸ್ರಾವ ನಿಂತ ಕೂಡಲೇ ಮಾಡಿದ ಸ್ಕ್ಯಾನ್ ಹೆಚ್ಚು ನಂಬಿಕೆಗೆ ಅರ್ಹ. ರಿಪೋರ್ಟಿನ ತಲೆಯಲ್ಲಿ ‘ಎಲ್‌ಎಂಪಿ’ (ಕೊನೆಯ ಮುಟ್ಟಿನ ಮೊದಲ ದಿನ) ಎಂದಿರುವ ತಾರೀಕನ್ನೂ ಸ್ಕ್ಯಾನಿನ ತಾರೀಕನ್ನೂ ಕಳೆದು ನೋಡಿ. ಇಪ್ಪತ್ತೆರಡನೆಯ ದಿನದ ಸ್ಕ್ಯಾನಿನಲ್ಲಿ ಪಾಲಿಪ್ ಇರಬಹುದು ಎಂದು ಬರೆದಿದ್ದರೆ, ರಕ್ತ ಜೋರಾಗಿ ಹೋಗುತ್ತಿಲ್ಲದಿದ್ದರೆ, ಮುಂದಿನ ಮುಟ್ಟಿನ ನಂತರ ಇನ್ನೊಮ್ಮೆ ನೋಡುವುದರಿಂದ ನಷ್ಟವಿಲ್ಲ.

ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನಿಗಿಂತ ಯೋನಿಯ ಮೂಲಕ ಮಾಡುವ ಟಿವಿಎಸ್ ಸ್ಪಷ್ಟ. ‘ವೆಲ್ ಡಿಫೈನ್ಡ್ ಎಕೋಜೆನಿಕ್ ಲೀಶನ್, 12 × 8 ಮಿ.ಮೀ., ಸಿಂಗಲ್ ಫೀಡಿಂಗ್ ವೆಸೆಲ್’ ಎಂದು ಬರೆದಿದ್ದರೆ ಅರ್ಥ ಹೀಗೆ: ಅಂಚು ಸರಿಯಾಗಿ ಗುರುತಿಸಬಹುದಾದ ಬೆಳ್ಳಗಿನ ಮುದ್ದೆ, ಅದಕ್ಕೆ ರಕ್ತ ತರುವ ಒಂದೇ ನಾಳ ಡಾಪ್ಲರಿನಲ್ಲಿ (ರಕ್ತದ ಹರಿವು ತೋರಿಸುವ ಸ್ಕ್ಯಾನಿನಲ್ಲಿ) ಕಂಡಿದೆ. ಪಾಲಿಪ್ ಎನ್ನಲು ಇದು ಒಳ್ಳೆಯ ಸಾಕ್ಷ್ಯ. ಬರೀ ‘ಥಿಕ್ ಎಂಡೋಮೆಟ್ರಿಯಂ’ ಎಂದಿದ್ದರೆ ಅಷ್ಟು ಸಾಕ್ಷ್ಯವಿಲ್ಲ. ಸಂಶಯ ಉಳಿದರೆ ಸಣ್ಣ ನಳಿಗೆಯಲ್ಲಿ ಒಳಗೆ ಸಲೈನ್ ಬಿಟ್ಟು ಸ್ಕ್ಯಾನ್ ಮಾಡುತ್ತಾರೆ. ನೀರು ಗೋಡೆಗಳನ್ನು ಬೇರ್ಪಡಿಸಿದಾಗ ಪಾಲಿಪ್ ಎದ್ದು ಕಾಣುತ್ತದೆ.

ಕ್ಯಾನ್ಸರ್ ಭಯಕ್ಕೆ ಲೆಕ್ಕ

ಹಲವು ಅಧ್ಯಯನಗಳನ್ನು ಒಟ್ಟುಹಾಕಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ತೆಗೆದ ಪಾಲಿಪ್‌ಗಳಲ್ಲಿ ಕ್ಯಾನ್ಸರ್ ಅಥವಾ ಅದರ ಹಿಂದಿನ ಹಂತ ಸಿಕ್ಕಿದ್ದು ಮುಟ್ಟು ನಿಂತವರಲ್ಲಿ ಸುಮಾರು ಶೇ. 5.4, ಇನ್ನೂ ಮುಟ್ಟಾಗುತ್ತಿರುವವರಲ್ಲಿ ಶೇ. 1.7. ರಕ್ತಸ್ರಾವ ಇದ್ದವರಲ್ಲಿ ಅದು ಇಲ್ಲದವರಿಗಿಂತ ಹೆಚ್ಚು. ಅಂದರೆ 38 ವರ್ಷದವರ ಪಾಲಿಪ್ ಮತ್ತು 60 ವರ್ಷದವರ ಪಾಲಿಪ್ ಒಂದೇ ತೂಕದ್ದಲ್ಲ. ಮುಟ್ಟು ನಿಂತ ಮೇಲೆ ಒಂದು ತೊಟ್ಟು ರಕ್ತ ಕಂಡರೂ ತಡ ಮಾಡಬಾರದು. ‘ಉಷ್ಣ ಆಗಿರಬೇಕು’ ಎಂದು ಆರು ತಿಂಗಳು ಕಳೆಯುವವರಿಗೆ ಅನಗತ್ಯ ಶಸ್ತ್ರಕ್ರಿಯೆಯ ಸುದ್ದಿ ಇನ್ನೊಂದು ನೆಪವಾಗಬಾರದು.

ಹೀಗಿದ್ದರೂ ಸ್ಕ್ಯಾನ್ ಕ್ಯಾನ್ಸರನ್ನು ತೀರ್ಮಾನಿಸುವುದಿಲ್ಲ. ತೀರ್ಮಾನಿಸುವುದು ಮೈಕ್ರೋಸ್ಕೋಪಿನ ಕೆಳಗೆ ನೋಡಿದ ಅಂಗಾಂಶ. ‘ಕ್ಯಾನ್ಸರ್ ಆಗಬಹುದು, ಗರ್ಭಕೋಶ ತೆಗೆದುಬಿಡೋಣ’ ಎಂದು ಬಯಾಪ್ಸಿ ಇಲ್ಲದೆ ಹೇಳುವುದು ವೈದ್ಯಕೀಯವಾಗಿ ಎರಡು ಬಗೆಯಲ್ಲಿ ತಪ್ಪು. ಕ್ಯಾನ್ಸರ್ ಇಲ್ಲದಿದ್ದರೆ ಅಂಗ ಸುಮ್ಮನೆ ಹೋಯಿತು. ಇದ್ದರೆ, ಅದಕ್ಕೆ ಬೇಕಾದ ತಯಾರಿಯೂ ವ್ಯಾಪ್ತಿಯೂ ಇಲ್ಲದ ಸಾಧಾರಣ ಶಸ್ತ್ರಕ್ರಿಯೆಯಲ್ಲಿ ಕೈಹಾಕಿದಂತಾಯಿತು.

ಕಾಯುವವರು, ತೆಗೆಯುವವರು

ವೈದ್ಯರಲ್ಲೇ ಇಲ್ಲಿ ಎರಡು ಮತ. ಮುಟ್ಟು ನಿಂತಿಲ್ಲದ, ಲಕ್ಷಣವಿಲ್ಲದ, ಒಂದು ಸೆಂಟಿಮೀಟರಿಗಿಂತ ಚಿಕ್ಕ ಪಾಲಿಪನ್ನು ಹಾಗೇ ಬಿಟ್ಟು ನೋಡಬಹುದು ಎನ್ನುವವರ ಬಳಿ ಆಧಾರವಿದೆ: ಸುಮಾರು ನಾಲ್ಕನೇ ಒಂದು ಪಾಲು ಪಾಲಿಪ್‌ಗಳು ವರ್ಷದೊಳಗೆ ತಾವಾಗಿಯೇ ಇಲ್ಲವಾಗುತ್ತವೆ, ಅವುಗಳಲ್ಲಿ ಹೆಚ್ಚಿನವು ಚಿಕ್ಕವು. ಕಂಡದ್ದನ್ನೆಲ್ಲ ತೆಗೆದು ಪರೀಕ್ಷೆಗೆ ಕಳಿಸಬೇಕು ಎನ್ನುವವರ ವಾದ, ಮತ್ತೆ ಸ್ಕ್ಯಾನಿಗೆ ಬನ್ನಿ ಎಂದರೆ ಹಲವರು ಬರುವುದೇ ಇಲ್ಲ ಎಂಬುದು. ಎರಡನೆಯ ವಾದ ರೋಗದ ಬಗೆಗಿನದ್ದಲ್ಲ, ವ್ಯವಸ್ಥೆಯ ಬಗೆಗಿನದ್ದು. ಆರು ತಿಂಗಳಿಗೆ ಮರಳಿ ಬರುವ ಭರವಸೆ ಇರುವವರು ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿದರೆ ಸಲಹೆ ಬದಲಾಗಬಹುದು.

ಮಕ್ಕಳಿಗಾಗಿ ಪ್ರಯತ್ನಿಸುತ್ತಿರುವವರ ವಿಷಯ ಬೇರೆ. 2005ರ ಒಂದು ಸ್ಪ್ಯಾನಿಷ್ ಪ್ರಯೋಗದಲ್ಲಿ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶದೊಳಗೆ ಸೇರಿಸುವ) ಚಿಕಿತ್ಸೆಗೆ ಮೊದಲು ಪಾಲಿಪ್ ತೆಗೆಸಿಕೊಂಡವರಲ್ಲಿ ಶೇ. 63 ಮಂದಿ ಗರ್ಭಿಣಿಯರಾದರು, ಬಯಾಪ್ಸಿ ಮಾತ್ರ ಆದವರಲ್ಲಿ ಶೇ. 28. ಇಂಥವರು ತೆಗೆಸುವುದೇ ಸರಿ. ರಕ್ತಸ್ರಾವ ಇದ್ದವರಿಗೂ, ಮುಟ್ಟು ನಿಂತವರಿಗೂ ತೆಗೆಯುವುದೇ ರೂಢಿಯ ಸಲಹೆ.

ಮಾತ್ರೆಯಿಂದ ಕರಗುತ್ತದೆಯೇ? ಇಲ್ಲ. ಹಾರ್ಮೋನ್ ಮಾತ್ರೆ, ಟ್ರಾನೆಕ್ಸಾಮಿಕ್ ಆಸಿಡ್ ರಕ್ತವನ್ನು ತಾತ್ಕಾಲಿಕವಾಗಿ ಹಿಡಿದಿಡುತ್ತವೆ, ಅಷ್ಟರಲ್ಲಿ ಹಿಮೋಗ್ಲೋಬಿನ್ ಏರಿಸಿಕೊಳ್ಳಬಹುದು. ಮೂರು ತಿಂಗಳು ಮಾತ್ರೆ ಕೊಟ್ಟು ‘ಔಷಧಿಗೆ ಬಗ್ಗಲಿಲ್ಲ, ಇನ್ನು ಗರ್ಭಕೋಶ ತೆಗೆಯುವುದೊಂದೇ ದಾರಿ’ ಎನ್ನುವುದು ಪಾಲಿಪ್‌ನ ಮಟ್ಟಿಗೆ ತರ್ಕವಲ್ಲ. ಆ ಔಷಧಿ ಪಾಲಿಪನ್ನು ಹೋಗಲಾಡಿಸುವುದಕ್ಕೆ ಇದ್ದದ್ದೇ ಅಲ್ಲ.

ಕ್ಯಾಮೆರಾದಲ್ಲಿ ನೋಡಿ ತೆಗೆಯುವುದು

ಸರಿಯಾದ ಚಿಕಿತ್ಸೆಯ ಹೆಸರು ಹಿಸ್ಟರೋಸ್ಕೋಪಿಕ್ ಪಾಲಿಪೆಕ್ಟಮಿ. ಹೊಟ್ಟೆಯ ಮೇಲೆ ಗಾಯವಿಲ್ಲ. ಯೋನಿ ಮತ್ತು ಗರ್ಭಕೋಶದ ಬಾಯಿಯ ಮೂಲಕ ಕೆಲವೇ ಮಿಲಿಮೀಟರ್ ದಪ್ಪದ, ಕ್ಯಾಮೆರಾ ಜೋಡಿಸಿದ ನಳಿಗೆ ಒಳಗೆ ಹೋಗುತ್ತದೆ. ಗರ್ಭಕೋಶದ ಒಳಭಾಗ ಮುಚ್ಚಿದ ಕೈಚೀಲದಂತಿರುವುದರಿಂದ ಸಲೈನ್ ಹರಿಸಿ ಹಿಗ್ಗಿಸುತ್ತಾರೆ. ಪರದೆಯ ಮೇಲೆ ಪಾಲಿಪ್‌ನ ಬುಡ ಕಂಡ ಮೇಲೆ ಸಣ್ಣ ಕತ್ತರಿ, ವಿದ್ಯುತ್ ತಂತಿಯ ಕುಣಿಕೆ ಅಥವಾ ಚೂರು ಮಾಡಿ ಹೀರುವ ಯಂತ್ರದಿಂದ ಬುಡಸಮೇತ ಕತ್ತರಿಸಿ ಹೊರತೆಗೆಯುತ್ತಾರೆ. ಚಿಕ್ಕದಾದರೆ ಹೆಚ್ಚು ಹೊತ್ತು ಹಿಡಿಯದು, ಬಹುತೇಕರು ಅಂದೇ ಮನೆಗೆ ಬರುತ್ತಾರೆ.

ತಯಾರಿಯೂ ಮುಖ್ಯ. ದಿನ ಗೊತ್ತುಮಾಡಬೇಕಾದ್ದು ಮುಟ್ಟು ಮುಗಿದ ಕೂಡಲೇ, ಪದರ ತೆಳ್ಳಗಿರುವಾಗ. ಹಿಮೋಗ್ಲೋಬಿನ್, ಸಕ್ಕರೆ, ಬಿಪಿ, ಗರ್ಭಧಾರಣೆ ಇಲ್ಲವೆಂಬ ಪರೀಕ್ಷೆ ಆಗಿರಬೇಕು. ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಬೇಕು, ತಾವಾಗಿಯೇ ನಿಲ್ಲಿಸಬಾರದು. ಅರಿವಳಿಕೆ ಇದ್ದರೆ ಆರು ಗಂಟೆ ಘನ ಆಹಾರ ಬಿಡಬೇಕು. ಸಹಜ ಹೆರಿಗೆ ಆಗದವರಲ್ಲೂ ಮುಟ್ಟು ನಿಂತವರಲ್ಲೂ ಗರ್ಭಕೋಶದ ಬಾಯಿ ಬಿಗಿಯಾಗಿರುವುದರಿಂದ ಕೆಲವೊಮ್ಮೆ ಮುಂಚಿತವಾಗಿ ಅದನ್ನು ಮೆತ್ತಗಾಗಿಸುವ ಮಾತ್ರೆ ಇಡುತ್ತಾರೆ.

ಕೆಡುವುದೆಲ್ಲಿ? ಬಿಗಿಯಾದ ಬಾಯಿಯನ್ನು ಬಲವಂತವಾಗಿ ಹಿಗ್ಗಿಸುವಾಗ ಗೋಡೆ ತೂತಾಗಬಹುದು. ಅದು ವಿರಳ, ಆದರೆ ಆದಾಗ ಗುರುತಿಸಬೇಕು. ಹರಿಸಿದ ದ್ರವ ರಕ್ತನಾಳಕ್ಕೆ ಹೀರಿಕೊಳ್ಳುತ್ತದೆ. ಒಳಗೆ ಹೋದದ್ದೆಷ್ಟು, ಹೊರಬಂದದ್ದೆಷ್ಟು ಎಂದು ಸಿಸ್ಟರ್ ಒಬ್ಬರು ಲೆಕ್ಕ ಇಡುತ್ತಲೇ ಇರಬೇಕು. ಆರೋಗ್ಯವಂತರಲ್ಲಿ ಸಲೈನಿನ ವ್ಯತ್ಯಾಸ 2,500 ಮಿ.ಲೀ. ತಲುಪಿದರೆ ನಿಲ್ಲಿಸಬೇಕು. ಹಳೆಯ ಬಗೆಯ ವಿದ್ಯುತ್ ಉಪಕರಣಕ್ಕೆ ಗ್ಲೈಸಿನ್ ದ್ರಾವಣ ಬೇಕಾಗುತ್ತದೆ, ಅದರ ಮಿತಿ 1,000 ಮಿ.ಲೀ. ಮಾತ್ರ, ಏಕೆಂದರೆ ಅದು ರಕ್ತದ ಸೋಡಿಯಂ ಇಳಿಸುತ್ತದೆ. ವಯಸ್ಸಾದವರಲ್ಲೂ ಹೃದಯದ ತೊಂದರೆ ಇರುವವರಲ್ಲೂ ಮಿತಿ ಇನ್ನೂ ಕಡಿಮೆ.

ಅರಿವಳಿಕೆ ಇಲ್ಲದೆ ಓಪಿಯಲ್ಲೇ ತೆಗೆಯುವ ಕ್ರಮವೂ ಇದೆ. ಬ್ರಿಟನ್ನಿನಲ್ಲಿ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ಬಂತು: ಓಪಿಯಲ್ಲಿ ಮಾಡಿಸಿಕೊಂಡವರಲ್ಲಿ ಶೇ. 73, ಅರಿವಳಿಕೆ ಕೊಟ್ಟು ಮಾಡಿದವರಲ್ಲಿ ಶೇ. 80 ಮಂದಿಗೆ ರಕ್ತಸ್ರಾವ ಹತೋಟಿಗೆ ಬಂತು. ಪೂರ್ತಿ ತೆಗೆಯಲಾಗದೆ ಉಳಿದದ್ದು ಓಪಿಯಲ್ಲಿ ಎರಡು ಪಟ್ಟಿಗಿಂತಲೂ ಹೆಚ್ಚು. ನೋವು ತಡೆಯಲಾರೆ ಎನ್ನುವವರು ಅರಿವಳಿಕೆ ಕೇಳುವುದರಲ್ಲಿ ಸಂಕೋಚ ಬೇಡ.

ಇದಕ್ಕೆ ಬದಲಾಗಿ ಇನ್ನೂ ಚಾಲ್ತಿಯಲ್ಲಿರುವುದು ಡಿ ಆ್ಯಂಡ್ ಸಿ, ಜನ ‘ಕ್ಲೀನ್ ಮಾಡಿಸುವುದು’ ಎನ್ನುವಂಥದ್ದು. ಒಳಗೇನಿದೆ ಎಂದು ಕಾಣದೆ ಚಮಚದಂಥ ಉಪಕರಣದಿಂದ ಕೆರೆಯುತ್ತಾರೆ. ಪಾಲಿಪ್ ಜಾರಿ ಪಕ್ಕಕ್ಕೆ ಸರಿಯುತ್ತದೆ, ಅಥವಾ ತುದಿ ಮಾತ್ರ ಕಿತ್ತು ಬುಡ ಉಳಿಯುತ್ತದೆ. ಎರಡು ತಿಂಗಳಲ್ಲಿ ಮತ್ತೆ ರಕ್ತ. ಆಗ ‘ಕ್ಲೀನ್ ಮಾಡಿದರೂ ಸರಿಹೋಗಲಿಲ್ಲ’ ಎಂಬ ಸಾಲು ಕೇಸ್ ಶೀಟಿಗೆ ಸೇರುತ್ತದೆ, ಅದೇ ಗರ್ಭಕೋಶ ತೆಗೆಯಲು ಸಮರ್ಥನೆಯಾಗುತ್ತದೆ. ವಿಫಲವಾದದ್ದು ವಿಧಾನ, ಅದರ ಬೆಲೆ ತೆರುವುದು ಅಂಗ.

ಮನೆಗೆ ಬಂದ ಮೇಲೆ ಕೆಲವು ದಿನ ಕಲೆ ಕಾಣಬಹುದು, ಕಿಬ್ಬೊಟ್ಟೆ ಹಿಂಡಬಹುದು. ಗಂಟೆಗೊಂದು ಪ್ಯಾಡ್ ತೋಯುವುದು, ಜ್ವರ, ದುರ್ವಾಸನೆಯ ಸ್ರಾವ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಪಾಲಿಪ್ ಮತ್ತೆ ಹುಟ್ಟುವ ಸಾಧ್ಯತೆಯೂ ಇದೆ. ಪದೇಪದೇ ಬರುವವರಿಗೆ ಹಾರ್ಮೋನ್ ಇರುವ ಕಾಪರ್-ಟಿಯಂಥ ಸಾಧನವನ್ನು ಒಳಗಿಡುವುದುಂಟು.

ಬಯಾಪ್ಸಿ ಚೀಟಿಯ ನಾಲ್ಕು ಉತ್ತರಗಳು

ತೆಗೆದ ಮುದ್ದೆ ಫಾರ್ಮಲಿನ್ ಬಾಟಲಿಯಲ್ಲಿ ಪೆಥಾಲಜಿಗೆ ಹೋಗಲೇಬೇಕು. ‘ಬಿನೈನ್ ಪಾಲಿಪ್’ (ಕ್ಯಾನ್ಸರ್ ಅಲ್ಲದ್ದು) ಎಂದು ಬಂದರೆ ಅಲ್ಲಿಗೆ ಮುಗಿಯಿತು. ‘ಹೈಪರ್‌ಪ್ಲೇಸಿಯಾ ವಿದೌಟ್ ಅಟಿಪಿಯಾ’ (ಒಳಪದರ ಮಿತಿಮೀರಿ ಬೆಳೆದಿದೆ, ಆದರೆ ಜೀವಕೋಶಗಳ ರೂಪ ಕೆಟ್ಟಿಲ್ಲ) ಎಂದರೆ ಪ್ರೊಜೆಸ್ಟಿರೋನ್ ಚಿಕಿತ್ಸೆ ಮತ್ತು ಮತ್ತೊಂದು ಬಯಾಪ್ಸಿ ಸಾಕು. ‘ವಿತ್ ಅಟಿಪಿಯಾ’ (ಜೀವಕೋಶಗಳ ರೂಪವೂ ಕೆಟ್ಟಿದೆ) ಎಂದಾಗ ಪಕ್ಕದಲ್ಲೇ ಕ್ಯಾನ್ಸರ್ ಇರುವ ಸಂಭವ ಗಣನೀಯ, ಮಕ್ಕಳಾಗಿರುವವರಿಗೆ ಗರ್ಭಕೋಶ ತೆಗೆಯುವ ಸಲಹೆ ಆಗ ನ್ಯಾಯವಾದದ್ದೇ. ‘ಕಾರ್ಸಿನೋಮಾ’ ಎಂದರೆ ಕ್ಯಾನ್ಸರ್ ಶಸ್ತ್ರಜ್ಞರ ಬಳಿಗೇ ಹೋಗಬೇಕು. ನಾಲ್ಕರಲ್ಲಿ ಎರಡು ಉತ್ತರಗಳಿಗೆ ಮಾತ್ರ ದೊಡ್ಡ ಶಸ್ತ್ರಕ್ರಿಯೆ, ಅವೇ ಕಡಿಮೆ ಬರುವಂಥವು.

ಹಾಗಾದರೆ ಗರ್ಭಕೋಶ ಯಾಕೆ ಹೋಗುತ್ತದೆ

ಒಬ್ಬರ ಮೇಲೆ ಬೆರಳು ತೋರಿಸಿದರೆ ಇದು ಅರ್ಥವಾಗುವುದಿಲ್ಲ. ಹಿಸ್ಟರೋಸ್ಕೋಪಿಗೆ ಕ್ಯಾಮೆರಾ, ದೀಪ, ಪಂಪ್ ಮತ್ತು ಅಭ್ಯಾಸವಾದ ಕೈ ಬೇಕು. ಗರ್ಭಕೋಶ ತೆಗೆಯಲು ಸಾಮಾನ್ಯ ಆಪರೇಷನ್ ಥಿಯೇಟರ್ ಸಾಕು, ವಿಮೆಯ ಪ್ಯಾಕೇಜಿನ ಹಣವೂ ದೊಡ್ಡದು. ವೈದ್ಯರ ಕಡೆಯಿಂದ ಕೇಳಿಬರುವ ವಾದವೂ ಸುಳ್ಳಲ್ಲ: ಹಿಮೋಗ್ಲೋಬಿನ್ 6ಕ್ಕೆ ಇಳಿದ ಮೇಲೆ ಬರುವ, ಫೈಬ್ರಾಯ್ಡೂ ಜತೆಗಿರುವ, ಮತ್ತೆ ಬರಲಾರೆ ಎನ್ನುವ ಹೆಂಗಸಿಗೆ ಒಂದೇ ಸಲಕ್ಕೆ ಮುಗಿಯುವ ಪರಿಹಾರ ಬೇಕೆನಿಸುತ್ತದೆ. ಬೀಡಿ ಕಟ್ಟುವ, ಅಡಿಕೆ ಸುಲಿಯುವ ಹೆಂಗಸರು ತಾವಾಗಿಯೇ ‘ಮಕ್ಕಳಾಯಿತಲ್ಲ ಡಾಕ್ಟ್ರೇ, ತೆಗೆದುಬಿಡಿ’ ಎಂದು ಕೇಳುವುದೂ ಇದೆ. ತಿಂಗಳಿಗೆ ಎಂಟು ದಿನ ಸ್ರಾವ ಸಹಿಸಿದವರ ಮಾತನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಬೇರೆ ದಾರಿ ಇದೆಯೆಂದು ತಿಳಿಸದೆ ಪಡೆದ ಒಪ್ಪಿಗೆಯನ್ನು ಆಯ್ಕೆ ಎನ್ನಲಾಗುವುದಿಲ್ಲ.

ಬೆಲೆಯೂ ಸಣ್ಣದಲ್ಲ. ಜತೆಗೆ ಅಂಡಾಶಯವನ್ನೂ ತೆಗೆದರೆ ಮೂವತ್ತೈದರಲ್ಲೇ ಋತುಬಂಧ: ಮೂಳೆ ಸವೆತ, ಹೃದಯರೋಗದ ಅಪಾಯ, ನಿದ್ದೆಗೆಡಿಸುವ ಬಿಸಿಯುಬ್ಬರ. ಅಂಡಾಶಯ ಉಳಿಸಿದರೂ ಋತುಬಂಧ ಬೇಗ ಬರುವ ಸಂಭವ ಇದೆ.

ಸಹಿ ಹಾಕುವ ಮುನ್ನ

ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಕೊಟ್ಟ ತೀರ್ಪು ಇಲ್ಲಿಗೆ ನೇರವಾಗಿ ಹೊಂದುತ್ತದೆ. ಅತಿ ಸ್ರಾವವೆಂದು ಬಂದ ಮಹಿಳೆ ಲ್ಯಾಪರೋಸ್ಕೋಪಿ ಪರೀಕ್ಷೆಗಾಗಿ ಅರಿವಳಿಕೆಯಲ್ಲಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಗಿತ್ತು. ಪ್ರಾಣಾಪಾಯ ಇಲ್ಲದಾಗ ಅದು ಒಪ್ಪಿಗೆಯೇ ಅಲ್ಲ ಎಂದಿತು ಕೋರ್ಟು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು. ಬದಲಿ ಚಿಕಿತ್ಸೆಗಳೇನು, ಅಪಾಯಗಳೇನು ಎಂದು ರೋಗಿಗೆ ಹೇಳಿರಬೇಕು. ಗಂಡನ ಸಹಿ, ಅಣ್ಣನ ಸಹಿ ಆಕೆಯ ಸಹಿಗೆ ಬದಲಲ್ಲ.

ಕಾಸರಗೋಡಿನ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ತೊಡಕು. ಫಾರಂ ಇಂಗ್ಲಿಷ್ ಅಥವಾ ಮಲಯಾಳದಲ್ಲಿ, ವೈದ್ಯರ ಮಾತು ಮಲಯಾಳದಲ್ಲಿ, ಮನೆಯ ಮಾತು ಕನ್ನಡ ಅಥವಾ ತುಳು. ಅರ್ಧ ಅರ್ಥವಾದಲ್ಲಿ ತಲೆಯಾಡಿಸುವ ಬದಲು, ಭಾಷೆ ಬಲ್ಲ ಸಿಸ್ಟರನ್ನೋ ಆಶಾ ಕಾರ್ಯಕರ್ತೆಯನ್ನೋ ಜತೆಗೆ ಕೂರಿಸಿಕೊಂಡು ಕೇಳಬಹುದು: ಪಾಲಿಪ್ ಎಷ್ಟು ದೊಡ್ಡದು? ಬಯಾಪ್ಸಿ ಆಗಿದೆಯೇ? ನೋಡಿ ತೆಗೆಯುವ ಸೌಲಭ್ಯ ಇಲ್ಲಿದೆಯೇ, ಇಲ್ಲದಿದ್ದರೆ ಎಲ್ಲಿಗೆ ಬರೆದುಕೊಡುತ್ತೀರಿ? ಅಂಡಾಶಯ ಉಳಿಯುತ್ತದೆಯೇ?

ನಿಗಾ ಬಂದರೆ ಆಗುವುದೇನು

ಮಾರ್ಗಸೂಚಿ ರಾಷ್ಟ್ರ, ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಸಮಿತಿಗಳನ್ನು ಕೇಳುತ್ತದೆ. ನಲವತ್ತು ದಾಟದವರಲ್ಲಿ ಆದ ಶಸ್ತ್ರಕ್ರಿಯೆಗಳನ್ನು ಕಾರಣಸಹಿತ ದಾಖಲಿಸಬೇಕೆಂಬ ಒತ್ತು ಅದರಲ್ಲಿದೆ. ಕಾರಣ ಬರೆಯಲೇಬೇಕಾದಾಗ ಬರೀ ‘ಪಾಲಿಪ್’ ಎಂದು ಬರೆದು ಪಾರಾಗುವುದು ಕಷ್ಟ, ಬಯಾಪ್ಸಿ ಕೇಳುವ ಅಭ್ಯಾಸ ಬೆಳೆಯಬಹುದು. ಅಡ್ಡಪರಿಣಾಮವೂ ಇದೆ. ತನಿಖೆಗೆ ಅಂಜಿ, ನಿಜವಾಗಿ ಬೇಕಾದವರಿಗೂ ‘ಮಂಗಳೂರಿಗೆ ಹೋಗಿ’ ಎಂದು ಸಾಗಹಾಕುವ ಚಾಳಿ ಹೆಚ್ಚಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕತ್ತರಿಗೆ ಕಡಿವಾಣ ಹಾಕಿ ಕ್ಯಾಮೆರಾ ಕೊಡದಿದ್ದರೆ ರಕ್ತಸ್ರಾವ ಹಾಗೇ ಉಳಿಯುತ್ತದೆ. ತಾಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿಸ್ಟರೋಸ್ಕೋಪಿ ಸಿಗುವಂತಾಗದೆ ಈ ಮಾರ್ಗಸೂಚಿ ಅರ್ಧ ಕೆಲಸವನ್ನಷ್ಟೇ ಮಾಡೀತು.

ಗಡಿಯ ತೊಂದರೆ ಬೇರೆಯೇ ಇದೆ. ಮಂಜೇಶ್ವರದವರಿಗೆ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಗಿಂತ ತಲಪಾಡಿ ದಾಟಿದರೆ ಸಿಗುವ ಮಂಗಳೂರು ಹತ್ತಿರ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕಾರ್ಡು ಅಲ್ಲಿನ ಆಸ್ಪತ್ರೆಯಲ್ಲಿ, ಇದೇ ಚಿಕಿತ್ಸೆಗೆ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ವಿಮಾ ಕೌಂಟರಿನಲ್ಲಿ ಕೇಳಿಕೊಳ್ಳಬೇಕು. ದಾಖಲಾದ ಮೇಲೆ ಕೇಳಿದರೆ ಕೈಯಿಂದ ಹಣ ಹೋಗುತ್ತದೆ. ಮಂಗಳೂರಿನಲ್ಲಿ ಆದ ಶಸ್ತ್ರಕ್ರಿಯೆ ದಾಖಲಾಗುವುದು ಅಲ್ಲಿನ ಆಸ್ಪತ್ರೆಯ ಪುಸ್ತಕದಲ್ಲಿ, ಅದರ ನಂತರದ ರಕ್ತಹೀನತೆ, ಜ್ವರ, ಮರು ರಕ್ತಸ್ರಾವ ನೋಡಿಕೊಳ್ಳುವುದು ಕುಂಬಳೆಯ ಆರೋಗ್ಯ ಕೇಂದ್ರ. ಹಾಗಾಗಿ ಡಿಸ್ಚಾರ್ಜ್ ಸಮ್ಮರಿ, ಶಸ್ತ್ರಕ್ರಿಯೆಯ ಟಿಪ್ಪಣಿ, ಬಯಾಪ್ಸಿ ರಿಪೋರ್ಟ್ ಈ ಮೂರರ ಪ್ರತಿಯನ್ನು ಕೇಳಿ ಪಡೆದು ಊರಿನ ವೈದ್ಯರಿಗೆ ಒಂದು ಜೆರಾಕ್ಸ್ ಕೊಡಬೇಕು. ಬಯಾಪ್ಸಿ ಚೀಟಿ ಸಾಮಾನ್ಯವಾಗಿ ಡಿಸ್ಚಾರ್ಜ್ ಆದ ಕೆಲವು ದಿನಗಳ ನಂತರ ಸಿದ್ಧವಾಗುವುದರಿಂದ, ಅದನ್ನು ತರಲು ಯಾರು ಹೋಗುವುದೆಂದು ಹೊರಡುವ ದಿನವೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಚೀಟಿ ಬರುವ ಮೊದಲು ಎರಡನೆಯ ಶಸ್ತ್ರಕ್ರಿಯೆಯ ದಿನ ನಿಗದಿಯಾಗಬೇಕಿಲ್ಲ.